ಒಕ್ಕಲುತನದ ಲೆಕ್ಕ ಕಲಿಸುವ ವಿದ್ಯೆ

ಒಂದು ಎಕರೆ ರಾಗಿ ಬೆಳೆಯಲು ಎಷ್ಟು ಖರ್ಚಾಯಿತೆಂದು ಹಳೆಯ ಮೈಸೂರು ಸೀಮೆಯ ರೈತನನ್ನು ಕೇಳಿದರೆ ಆತನು ಉಳುಮೆಗೆ ಕೊಟ್ಟ ಬಾಡಿಗೆ, ಗೊಬ್ಬರದ ಮೂಟೆ, ಕಳೆ ಕೀಳಿಸಿದ ಕೂಲಿ, ಒಕ್ಕಣೆಯ ಯಂತ್ರಕ್ಕೆ ತೆತ್ತ ಹಣ ಇವನ್ನೆಲ್ಲ ಬೆರಳು ಮಡಿಸಿ ಎಣಿಸಿ ಹೇಳುವನು. ಆದರೆ ಅದೇ ಹೊಲದಲ್ಲಿ ಮುಂಗಾರಿನಿಂದ ಸುಗ್ಗಿಯವರೆಗೆ ತಾನೂ ತನ್ನ ಹೆಂಡತಿಯೂ ವೃದ್ಧರಾದ ತಂದೆತಾಯಿಗಳೂ ಪಟ್ಟ ಶ್ರಮವನ್ನಾಗಲಿ, ಮನೆಯ ತಿಪ್ಪೆಯಿಂದ ಹೇರಿದ ಗೊಬ್ಬರವನ್ನಾಗಲಿ, ನೆರೆಯವರಿಂದ ಮುಯ್ಯಾಳಾಗಿ ಪಡೆದು ಮುಯ್ಯಾಳಾಗಿಯೇ ತೀರಿಸಿದ ದುಡಿಮೆಯನ್ನಾಗಲಿ ಆ ಎಣಿಕೆಯಲ್ಲಿ ಸೇರಿಸುವುದಿಲ್ಲ. ಹೀಗೆ ಎಣಿಕೆಯಿಂದ ಹೊರಗುಳಿದುದನ್ನು ಎಣಿಸುವುದು ಹೇಗೆ, ಎಣಿಸಿದ ಬಳಿಕ ಅದರಿಂದ ತಿಳಿಯತಕ್ಕದ್ದೇನು ಎಂಬುದನ್ನು ಕ್ರಮಬದ್ಧವಾಗಿ ಬೋಧಿಸುವ ವಿದ್ಯೆಯೊಂದು ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿದೆ. ಅದರ ಮೂಲಕಾಂಡಕ್ಕೆ ಕೃಷಿ ಅರ್ಥಶಾಸ್ತ್ರವೆಂದು ಹೆಸರು. ಮಾರುಕಟ್ಟೆಯ ಕಡೆಗೆ ಚಾಚಿಕೊಂಡ ಶಾಖೆಗೆ ಕೃಷಿ ವ್ಯವಹಾರ ನಿರ್ವಹಣೆಯೆಂದು ಹೆಸರು. ಹೊಸ ತಳಿಯನ್ನು ನಿರ್ಮಿಸಿದವರಿಗೂ ಕೀಟವನ್ನು ಹತ್ತಿಕ್ಕಿದವರಿಗೂ ಸಲ್ಲುವ ಲೋಕಪ್ರಸಿದ್ಧಿ ಈ ವಿದ್ಯೆಯನ್ನು ಕಲಿತವರಿಗೆ ಸಂದುದು ಕಡಮೆ. ಆದರೂ ರೈತನ ಬಾಳಿನ ವಿಷಯದಲ್ಲಿ ಸರ್ಕಾರಗಳು ಕೈಕೊಳ್ಳುವ ನಿರ್ಣಯಗಳಲ್ಲಿ ಬಹುಪಾಲು ಇವರು ಬರೆದಿಟ್ಟ ಅಂಕಿಗಳ ಮೇಲೆಯೇ ನಿಂತಿರುವುದರಿಂದ, ಮಕ್ಕಳನ್ನು ಕೃಷಿ ಕಾಲೇಜಿಗೆ ಕಳುಹಿಸಲೆಣಿಸುವ ತಂದೆತಾಯಿಗಳಿಗೆ ಇದರ ಪರಿಚಯವನ್ನು ಮಾಡಿಕೊಡುವುದು ಯುಕ್ತವೆಂದು ತೋರುತ್ತದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಬೇರು ಹೆಬ್ಬಾಳದಲ್ಲಿದೆ. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿಗಳಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ಅಲ್ಲಿ 30 ಎಕರೆ ಭೂಮಿಯನ್ನಿತ್ತು ಒಂದು ಪ್ರಯೋಗಕ್ಷೇತ್ರವನ್ನು ಸ್ಥಾಪಿಸಿದರು. ಅದನ್ನು ವಹಿಸಿಕೊಂಡ ಲೆಹ್ಮನ್ ಅವರು ರಸಾಯನಶಾಸ್ತ್ರಜ್ಞರು. ಅವರ ಅನಂತರ ಬಂದ ಲೆಸ್ಲಿ ಕೋಲ್ಮನ್ ಅವರು ಸಸ್ಯರೋಗ ಮತ್ತು ಕೀಟಗಳ ಪಂಡಿತರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು, 1946ರಲ್ಲಿ ಕಾಲೇಜು ಆಯಿತು, 1964ರಲ್ಲಿ ಕೆ.ಸಿ. ನಾಯಕ್ ಅವರ ಕುಲಪತಿತ್ವದಲ್ಲಿ ವಿಶ್ವವಿದ್ಯಾಲಯವೇ ಮೈದಳೆಯಿತು. ಕೆಲವೇ ವರ್ಷಗಳಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಶಾಲವಾದ ಆವರಣವೂ ಅದಕ್ಕೆ ಸೇರಿತು. ವಿಶ್ವವಿದ್ಯಾಲಯದ ಸ್ಥಾಪನಾಕಾಲದಲ್ಲಿ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಅಧ್ಯಾಪಕರು ಇಲ್ಲಿಗೆ ಬಂದು ನೆರವಾದರು. ಬೋಧನೆ, ಸಂಶೋಧನೆ, ವಿಸ್ತರಣೆಗಳೆಂಬ ಮೂರನ್ನೂ ಒಂದೇ ಸೂರಿನಡಿ ನಡೆಸತಕ್ಕ ಅಮೆರಿಕದ ಪದ್ಧತಿಯನ್ನು ನಾವು ಅನುಸರಿಸಿದೆವಾಗಿ, ಆ ಪದ್ಧತಿಯಲ್ಲಿ ಪ್ರತ್ಯೇಕ ವಿಭಾಗವಾಗಿದ್ದ ಕೃಷಿ ಅರ್ಥಶಾಸ್ತ್ರವೂ ಜೊತೆಯಲ್ಲಿಯೇ ಬಂದಿತು. ಅಮೆರಿಕದಲ್ಲಿಯೂ ಅದು ಬಹಳ ಪ್ರಾಚೀನವಾದುದಲ್ಲ: ಹೆನ್ರಿ ಟೇಲರ್ ಅವರು ವಿಸ್ಕಾನ್ಸಿನ್‌ನಲ್ಲಿ ಆ ವಿಭಾಗವನ್ನು ತೆರೆದದ್ದು 1909ರಲ್ಲಿ. ಮಣ್ಣನ್ನೂ ಬೀಜವನ್ನೂ ಪರೀಕ್ಷಿಸಿದ ಎಷ್ಟೋ ಕಾಲದ ಮೇಲೆ ವಿದ್ವಾಂಸರ ದೃಷ್ಟಿ ಬೆಳೆದವನ ಸಂಸಾರದ ಕಡೆಗೆ ತಿರುಗಿತೆಂಬುದು ಗಮನಿಸತಕ್ಕ ಸಂಗತಿ.

ನಮ್ಮ ದೇಶದಲ್ಲಿ ಈ ಶಾಸ್ತ್ರದ ಪರಿಷತ್ತು 1939ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಆದರೆ ಶಾಸ್ತ್ರದ ನಿಜವಾದ ಪರೀಕ್ಷೆ ನಡೆದದ್ದು 1954-55ರಿಂದ ಭಾರತ ಸರ್ಕಾರವು ಹಲವು ಪ್ರಾಂತಗಳಲ್ಲಿ ನಡೆಸಿದ ಬೇಸಾಯ ನಿರ್ವಹಣಾ ಸಮೀಕ್ಷೆಗಳಲ್ಲಿ. ಹಳ್ಳಿಗಳಿಗೆ ಹೋಗಿ ಲೆಕ್ಕ ಬರೆದು ತಂದವರಿಗೆ ಎದುರಾದದ್ದು ಒಂದು ಪ್ರಹೇಳಿಕೆ. ಮನೆಯವರ ದುಡಿಮೆಗೆ ಪೇಟೆಯ ಕೂಲಿಯ ದರವನ್ನು ಹಾಕಿ ಎಣಿಸಿದರೆ ಬಹುಮಂದಿ ರೈತರ ಬೇಸಾಯ ನಷ್ಟದಲ್ಲಿಯೇ ನಡೆಯುತ್ತಿರುವಂತೆ ಕಾಣಿಸಿತು. ಆದರೂ ಅವರು ಬೇಸಾಯ ಬಿಟ್ಟಿರಲಿಲ್ಲ. ಮತ್ತೊಂದೆಡೆ, ಚಿಕ್ಕ ಹಿಡುವಳಿಗಳಲ್ಲಿ ಎಕರೆಯೊಂದಕ್ಕೆ ದೊರೆಯುವ ಫಸಲು ದೊಡ್ಡ ಹಿಡುವಳಿಗಳಿಗಿಂತ ಹೆಚ್ಚಾಗಿತ್ತು. 1962ರಲ್ಲಿ, ಆಗಿನ್ನೂ ತರುಣರಾಗಿದ್ದ ಅಮರ್ತ್ಯ ಸೇನ್ ಅವರು ಇವೆರಡಕ್ಕೂ ಒಂದೇ ಸಮಾಧಾನವನ್ನು ಸೂಚಿಸಿದರು. ಕೂಲಿಯಾಳನ್ನು ಕರೆದು ಮಾಡಿಸುವವನು ಆಳಿನ ಕೂಲಿಗೆ ಸಮನಾದ ಹುಟ್ಟುವಳಿ ಬರುವಷ್ಟು ಮಾತ್ರವೇ ದುಡಿಸುವನು; ಹೊರಗೆ ಬೇರೆ ಕೆಲಸ ದೊರಕದ ಕುಟುಂಬವಾದರೋ ಅದಕ್ಕೂ ಮುಂದೆ, ಇನ್ನೊಂದು ಸಲ ಕಳೆ ತೆಗೆದು, ಇನ್ನೊಂದು ಸಲ ಕುಂಟೆ ಹೊಡೆದು, ಒಂದಿಷ್ಟು ಹೆಚ್ಚು ಕಾಳು ಬರುವವರೆಗೂ ದುಡಿಯುವುದು. ಹಾಗಾದರೆ ಆ ದುಡಿಮೆಗೆ ಪೇಟೆಯ ಬೆಲೆ ಕಟ್ಟಿ ರೈತನನ್ನು ನಷ್ಟಗಾರನೆಂದು ಕರೆಯುವುದು ಎಷ್ಟರಮಟ್ಟಿಗೆ ಸರಿ? ರಷ್ಯದ ಚಯಾನೋವ್ ಅವರು 1920ರ ದಶಕದಲ್ಲಿಯೇ ಕುಟುಂಬದ ಬೇಸಾಯವನ್ನು ಬಂಡವಾಳಗಾರನ ಕಾರ್ಖಾನೆಯ ಸೂತ್ರಗಳಿಂದ ಅಳೆಯಲಾಗದೆಂದು ವಾದಿಸಿದ್ದರು. ಈ ಚರ್ಚೆ ಇಂದಿಗೂ ಮುಗಿದಿಲ್ಲ. ಅರ್ಥಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ವಿದ್ಯಾರ್ಥಿಯ ಬುದ್ಧಿಯನ್ನು ಇದರಷ್ಟು ತೀಕ್ಷ್ಣವಾಗಿ ಕೆದಕುವ ವಿಷಯ ಮತ್ತೊಂದು ಇರಲಾರದೆಂದು ನನ್ನ ಭಾವನೆ.

ಈ ಎಣಿಕೆಯು ಪುಸ್ತಕದ ಚರ್ಚೆಯಾಗಿಯೇ ಉಳಿಯಲಿಲ್ಲ. 1970-71ರಿಂದ ಮುಖ್ಯ ಬೆಳೆಗಳ ಸಾಗುವಳಿ ವೆಚ್ಚವನ್ನು ಅಧ್ಯಯನ ಮಾಡುವ ಕೇಂದ್ರ ಸರ್ಕಾರದ ಸಮಗ್ರ ಯೋಜನೆಯು ಜಾರಿಯಲ್ಲಿದ್ದು, ಆಯಾ ರಾಜ್ಯಗಳಲ್ಲಿ ಅದನ್ನು ಬಹುಮಟ್ಟಿಗೆ ಕೃಷಿ ವಿಶ್ವವಿದ್ಯಾಲಯಗಳೇ ನಡೆಸುತ್ತವೆ. ಆಯ್ದ ಹಳ್ಳಿಗಳ ಗುಂಪಿಗೊಬ್ಬ ಕ್ಷೇತ್ರ ಸಹಾಯಕನು ನಿಯಮಿತನಾಗುತ್ತಾನೆ. ಹಿಡುವಳಿಗಳನ್ನು ಗಾತ್ರಕ್ಕನುಸಾರವಾಗಿ ಐದು ವರ್ಗಗಳಾಗಿ ವಿಂಗಡಿಸಿ, ವರ್ಗಕ್ಕೆ ಎರಡರಂತೆ 10 ಕುಟುಂಬಗಳನ್ನು ಆರಿಸಿ, ಆ ಮನೆಗಳಲ್ಲಿ ಯಾರು ಯಾವ ಹೊಲದಲ್ಲಿ ಎಷ್ಟು ಗಂಟೆ ದುಡಿದರು, ಎತ್ತುಗಳು ಎಷ್ಟು ಹೊತ್ತು ಹೂಡಿದವು, ಎಷ್ಟು ಗಾಡಿ ಗೊಬ್ಬರ ಹೋಯಿತು, ಹುಲ್ಲೆಷ್ಟು ಕಾಳೆಷ್ಟು ಎಂಬುದನ್ನೆಲ್ಲ ವರ್ಷವಿಡೀ ಬರೆಯುವುದು ಅವನ ಕೆಲಸ. ಪೇಟೆಯಲ್ಲಿ ಕೊಂಡುದಕ್ಕೆ ಕೊಟ್ಟ ಬೆಲೆ; ಮನೆಯಲ್ಲಿದ್ದುದಕ್ಕೆ ಆ ಹಳ್ಳಿಯಲ್ಲಿ ನಡೆಯುವ ಬೆಲೆ. ಈ ಕಡತಗಳಿಂದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವು ಬೆಂಬಲ ಬೆಲೆಯ ಶಿಫಾರಸಿಗೆ ಬೇಕಾದ ಅಂಕಿಗಳನ್ನು ಪಡೆಯುತ್ತದೆ.

ಪತ್ರಿಕೆಗಳಲ್ಲಿ ಪದೇ ಪದೇ ಬರುವ, ಆದರೆ ಯಾರೂ ಬಿಡಿಸಿ ಹೇಳದ ಎ2, ಸಿ2 ಎಂಬ ಸಂಕೇತಗಳ ಮೂಲ ಇಲ್ಲಿದೆ. ರೈತನು ಕೈಯಿಂದ ನಿಜವಾಗಿ ವೆಚ್ಚ ಮಾಡಿದುದು, ಅಂದರೆ ಬೀಜ, ಗೊಬ್ಬರ, ಕೂಲಿ, ನೀರು, ಉಪಕರಣಗಳ ಸವೆತ, ಚಾಲ್ತಿ ಹಣದ ಬಡ್ಡಿ ಮುಂತಾದುದು ಎ1; ಗುತ್ತಿಗೆಗೆ ಪಡೆದ ಭೂಮಿಗೆ ತೆತ್ತ ಗೇಣಿಯನ್ನು ಸೇರಿಸಿದರೆ ಎ2; ಅದಕ್ಕೆ ಮನೆಮಂದಿಯ ಶ್ರಮದ ಬೆಲೆಯನ್ನು ಕೂಡಿಸಿದರೆ ಎ2+ಎಫ್‌ಎಲ್; ಇದಕ್ಕೂ ಮೇಲೆ, ಸ್ವಂತ ಭೂಮಿಯನ್ನು ಮತ್ತೊಬ್ಬರಿಗೆ ಗುತ್ತಿಗೆ ಕೊಟ್ಟಿದ್ದರೆ ಬರಬಹುದಾಗಿದ್ದ ಗೇಣಿಯನ್ನೂ ತೊಡಗಿಸಿದ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ ಸಿ2. ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗವು ಉತ್ಪಾದನಾ ವೆಚ್ಚಕ್ಕಿಂತ ಬೆಂಬಲ ಬೆಲೆಯು ಕನಿಷ್ಠ ಶೇಕಡ 50ರಷ್ಟು ಹೆಚ್ಚಾಗಿರಬೇಕೆಂದಿತು. ಸರ್ಕಾರವು 2018ರಲ್ಲಿ ಒಂದೂವರೆಪಟ್ಟು ಕೊಡುವೆವೆಂದಾಗ ಲೆಕ್ಕಕ್ಕೆ ಹಿಡಿದದ್ದು ಎ2+ಎಫ್‌ಎಲ್ ಅನ್ನು. ರೈತ ಸಂಘಟನೆಗಳು ಕೇಳುತ್ತಿರುವುದು ಸಿ2ರ ಮೇಲೆ. ರಾಜಧಾನಿ ದೆಹಲಿಯ ಗಡಿಗಳಲ್ಲಿ ಲಕ್ಷಾಂತರ ಜನರು ಕುಳಿತು ಹೋರಾಡಿದ ವಿವಾದದ ಒಂದು ಮುಖ್ಯ ಎಳೆಯು ಹೀಗೆ ಸಾಗುವಳಿ ವೆಚ್ಚದ ಪಾಠವೊಂದರಲ್ಲಿ ಅಡಗಿದೆ. ಕರ್ನಾಟಕ ಸರ್ಕಾರವು 2014ರಲ್ಲಿ ತನ್ನದೇ ಕೃಷಿ ಬೆಲೆ ಆಯೋಗವನ್ನು ರಚಿಸಿದಾಗ ಅದರ ಅಧ್ಯಕ್ಷತೆಯನ್ನು ವಹಿಸಿದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಈ ಶಾಸ್ತ್ರವನ್ನೇ ಬೋಧಿಸುತ್ತಿದ್ದ ಟಿ.ಎನ್. ಪ್ರಕಾಶ್ ಕಮ್ಮರಡಿ ಅವರು.

ವೆಚ್ಚದ ಲೆಕ್ಕ ಒಂದು ಪಾರ್ಶ್ವ. ಬೆಲೆಯ ಲೆಕ್ಕ ಇನ್ನೊಂದು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟು ನಾಡಿನ ಇಳುವರಿಯನ್ನು ಮೇಲಕ್ಕೆತ್ತಿದರು. ಅವರ ಉಪಕಾರ ದೊಡ್ಡದು. ಆದರೆ ಇಳುವರಿ ಹೆಚ್ಚಿದಾಗಲೆಲ್ಲ ಬೆಳೆದವನ ಆದಾಯವೂ ಹೆಚ್ಚುವುದೇ ಎಂಬ ಪ್ರಶ್ನೆಯನ್ನು ತಳಿಶಾಸ್ತ್ರವು ಕೇಳುವುದಿಲ್ಲ. ಅದನ್ನು 17ನೆಯ ಶತಮಾನದ ಕೊನೆಯಲ್ಲಿಯೇ ಇಂಗ್ಲೆಂಡಿನ ಗ್ರೆಗರಿ ಕಿಂಗ್ ಎಂಬಾತನ ಹೆಸರಿನಲ್ಲಿ ನಿಂತ ಪಟ್ಟಿಯೊಂದು ಕೇಳಿತ್ತು: ಧಾನ್ಯದ ಫಸಲು ವಾಡಿಕೆಗಿಂತ ಹತ್ತನೆಯ ಒಂದು ಪಾಲು ಕಡಮೆಯಾದರೆ ಬೆಲೆಯು ಹತ್ತರಲ್ಲಿ ಮೂರು ಪಾಲು ಏರುವುದು, ಎರಡು ಪಾಲು ಕಡಮೆಯಾದರೆ ಎಂಟು ಪಾಲು. 100 ಮೂಟೆಯನ್ನು 10 ರೂಪಾಯಿಯಂತೆ ಮಾರಿದರೆ 1000 ರೂಪಾಯಿ ಬರುವಲ್ಲಿ 80 ಮೂಟೆಯನ್ನು 18 ರೂಪಾಯಿಯಂತೆ ಮಾರಿದರೆ 1440 ಬರುತ್ತದೆ. ಸಮೃದ್ಧಿಯ ವರ್ಷದಲ್ಲಿ ಒಕ್ಕಲಿಗರು ಒಟ್ಟಾಗಿ ಬಡವಾಗುವುದು ಹೀಗೆ. ಉಣ್ಣುವವನ ಹೊಟ್ಟೆಗೆ ಮಿತಿಯಿರುವುದರಿಂದ ಬೆಲೆ ಇಳಿದಷ್ಟಕ್ಕೆ ಕೊಳ್ಳುವುದು ಹೆಚ್ಚುವುದಿಲ್ಲ. ಇದರೊಡನೆ ಕಾಲದ ಅಂತರವೂ ಸೇರಿದರೆ ಹುಟ್ಟುವ ಚಕ್ರವನ್ನು ಮೊರ್ಡೆಕಾಯ್ ಎಜೆಕಿಯೆಲ್ ಅವರು 1938ರಲ್ಲಿ ಜೇಡರ ಬಲೆಯ ಸಿದ್ಧಾಂತವೆಂಬ ಹೆಸರಿನಿಂದ ವಿವರಿಸಿದರು. ಕೋಲಾರದ ಟೊಮೆಟೊ ಮಂಡಿಯನ್ನು ಬಲ್ಲವರಿಗೆ ಅದರ ವ್ಯಾಖ್ಯಾನವೇ ಬೇಕಿಲ್ಲ. 15 ಕಿಲೋ ಬಾಕ್ಸಿಗೆ ಹಿಂದಿನ ಸಲ ಒಳ್ಳೆಯ ಬೆಲೆ ಬಂತೆಂದು ಎಲ್ಲರೂ ಒಮ್ಮೆಗೇ ನಾಟಿ ಹಾಕುವರು, ಕೊಯ್ಲಿನ ವೇಳೆಗೆ ಬಾಕ್ಸಿನ ಬೆಲೆ ಕೀಳುವ ಕೂಲಿಗೂ ಸಾಲದಾಗುವುದು, ಮುಂದಿನ ಸಲ ಎಲ್ಲರೂ ಹಿಂಜರಿಯುವರು, ಆಗ ಮತ್ತೆ ಬೆಲೆ ಏರುವುದು. ಪ್ರತಿಯೊಬ್ಬನ ನಿರ್ಣಯವೂ ವಿವೇಕದ್ದೇ. ಎಲ್ಲರ ವಿವೇಕವೂ ಕೂಡಿದಾಗ ಫಲಿಸುವುದು ಮಾತ್ರ ಅನರ್ಥ. ರೈತನಿಗೆ ಬುದ್ಧಿಯಿಲ್ಲವೆಂದು ಸುಲಭವಾಗಿ ನುಡಿಯುವವರು ಈ ಒಂದು ಅಧ್ಯಾಯವನ್ನಾದರೂ ಓದಬೇಕೆಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ.

ಎಣಿಕೆಯಿಂದ ಹೊರಗುಳಿದ ಇನ್ನೊಂದು ವಸ್ತು ನೀರು. ಬಯಲುಸೀಮೆಯಲ್ಲಿ ಕೊಳವೆಬಾವಿ ಕೊರೆಸಿದವನು ನೀರು ಬಿದ್ದ ಬಾವಿಯ ಖರ್ಚನ್ನು ಮಾತ್ರ ಹೇಳುವುದು ವಾಡಿಕೆ. ಅದಕ್ಕೆ ಮೊದಲು ಬರಿದಾಗಿ ಹೋದ ಬಾವಿಗಳ ಖರ್ಚು ಸಾಲದ ಪತ್ರದಲ್ಲಿದ್ದರೂ ಬೆಳೆಯ ಲೆಕ್ಕದಲ್ಲಿರುವುದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಎಂ.ಜಿ. ಚಂದ್ರಕಾಂತ ಅವರೂ ಅವರ ಶಿಷ್ಯರೂ ವಿಫಲವಾದ ಬಾವಿಗಳ ವೆಚ್ಚವನ್ನೂ ಬಾವಿಯ ಆಯುಸ್ಸಿನ ಮೇಲೆ ಹಂಚಿ ನೀರಿನ ನಿಜವಾದ ಬೆಲೆಯನ್ನು ಕಂಡುಹಿಡಿಯುವ ಕ್ರಮವನ್ನು ಬಳಕೆಗೆ ತಂದರು. ನೆರೆಯವನು ಹತ್ತಿರದಲ್ಲಿ ಹೊಸ ಬಾವಿ ಕೊರೆದು ನನ್ನ ಬಾವಿ ಬತ್ತಿದರೆ ಆ ನಷ್ಟ ಯಾರ ಲೆಕ್ಕಕ್ಕೆ ಸೇರತಕ್ಕದ್ದು? ವಿದ್ಯುತ್ತು ಉಚಿತವಾದಾಗ ನೀರಿಗೆ ಬೆಲೆಯೇ ಇಲ್ಲವೆಂಬ ಭ್ರಮೆ ಹುಟ್ಟುವ ನಾಡಿನಲ್ಲಿ ಇಂಥ ಸಂಶೋಧನೆಗೆ ದೊರೆತಿರುವ ಮನ್ನಣೆ ತೀರ ಸ್ವಲ್ಪವೆಂಬುದು ನನ್ನ ಕೊರಗು.

ಇನ್ನು ಕೃಷಿ ವ್ಯವಹಾರದ ಮಾತು. ಹಾರ್ವರ್ಡಿನ ಡೇವಿಸ್ ಮತ್ತು ಗೋಲ್ಡ್‌ಬರ್ಗ್ ಅವರು 1957ರಲ್ಲಿ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದಂತೆ, ಗೊಬ್ಬರ ತಯಾರಿಸುವ ಕಾರ್ಖಾನೆಯಿಂದ ಹಿಡಿದು ಹೊಲ, ಉಗ್ರಾಣ, ಗಿರಣಿ, ಅಂಗಡಿಯವರೆಗಿನದೆಲ್ಲ ಒಂದೇ ಸರಪಳಿ. ಹೊಲವು ಅದರಲ್ಲಿ ಒಂದು ಕೊಂಡಿ ಮಾತ್ರ. ಆದುದರಿಂದ ಈ ಪದವಿಯ ವಿದ್ಯಾರ್ಥಿಯು ಸಸ್ಯಶಾಸ್ತ್ರದೊಡನೆ ಲೆಕ್ಕಪತ್ರ, ಹಣಕಾಸು, ಉಗ್ರಾಣ, ರಫ್ತು, ಕಾನೂನು ಇವನ್ನೂ ಕಲಿಯುತ್ತಾನೆ. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವು ದೇಶದಲ್ಲಿಯೇ ಮೊದಲನೆಯದು. 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರು ಮಂಗಳೂರಿನಲ್ಲಿ ಸ್ಥಾಪಿಸಿಕೊಂಡ ಕ್ಯಾಂಪ್ಕೊ ಸಂಸ್ಥೆಯು, ಕೊಕ್ಕೊ ಬೆಳೆಗೆ ಕೊಳ್ಳುವವರಿಲ್ಲದೆ ರೈತರು ಕಂಗೆಟ್ಟಾಗ ತಾನೇ ಕೊಳ್ಳಲು ಮುಂದಾಗಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆಗಾರನೇ ಸರಪಳಿಯ ಮುಂದಿನ ಕೊಂಡಿಗಳನ್ನೂ ಕೈಗೆ ತೆಗೆದುಕೊಂಡ ಈ ನಿದರ್ಶನವು ಯಾವ ಪರದೇಶದ ಪಾಠಕ್ಕೂ ಕಡಮೆಯಾದುದಲ್ಲ. ನಮ್ಮ ತರಗತಿಗಳಲ್ಲಿ ವಿದೇಶೀ ಕಂಪನಿಗಳ ಚರಿತ್ರೆಗೆ ಸಲ್ಲುವ ಸಮಯದಲ್ಲಿ ಅರ್ಧವನ್ನಾದರೂ ಕಣಗಿನಹಾಳಕ್ಕೂ ಪುತ್ತೂರಿಗೂ ಮೀಸಲಿಡುವುದು ಮೇಲು.

ಸೇರುವ ಬಗೆಯನ್ನು ಹೇಳುವುದಾದರೆ, ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ನಾಲ್ಕು ವರ್ಷಗಳ ಪದವಿಗೆ ಅವಕಾಶವುಂಟು. ರೈತರ ಮಕ್ಕಳಿಗೆ ಪ್ರತ್ಯೇಕ ಮೀಸಲಾತಿಯಿದ್ದು, ಅದಕ್ಕಾಗಿ ಬೀಜ, ಬೆಳೆ, ಉಪಕರಣಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಕೃಷಿಯ ಸಾಮಾನ್ಯ ಪದವಿಯಲ್ಲಿ ಅರ್ಥಶಾಸ್ತ್ರದ ಕೆಲವು ಪತ್ರಿಕೆಗಳಷ್ಟೇ ಇರುವುವು. ಕೃಷಿ ವ್ಯವಹಾರ ನಿರ್ವಹಣೆಯ ಪದವಿಯನ್ನು ಆರಿಸಿಕೊಂಡವರಿಗೆ ಅದೇ ಪ್ರಧಾನ. ಕೊನೆಯ ವರ್ಷದಲ್ಲಿ ಕೃಷಿ ಪದವಿಯ ವಿದ್ಯಾರ್ಥಿಗಳು ತಂಡಗಳಾಗಿ ಹಳ್ಳಿಗಳಲ್ಲಿ ವಾಸಮಾಡಿ ರೈತರ ಜೊತೆಯಲ್ಲಿ ಕಲಿಯತಕ್ಕದ್ದು. ಪೇಟೆಯಲ್ಲಿ ಬೆಳೆದ ಹುಡುಗ ಹುಡುಗಿಯರಿಗೆ ಕೊಠಡಿಯಲ್ಲಿ ಬರಿಯ ಸೂತ್ರವಾಗಿದ್ದ ಕುಟುಂಬ ಶ್ರಮವೆಂಬುದು ಅಲ್ಲಿ ಬೆಳಗಿನ ಜಾವಕ್ಕೆ ಎದ್ದು ಹಾಲು ಕರೆದು, ಅಡಿಗೆ ಮಾಡಿ, ಹೊಲಕ್ಕೆ ಹೋಗುವ ಹೆಂಗಸಿನ ದಿನಚರಿಯಾಗಿ ಕಾಣಿಸುತ್ತದೆ. ಮುಂದೆ ಓದುವವರು ಎಂ.ಎಸ್ಸಿ. ಅಥವಾ ಕೃಷಿ ವ್ಯವಹಾರದ ಎಂ.ಬಿ.ಎ. ಹಿಡಿಯಬಹುದು, ಅಹಮದಾಬಾದಿನ ಐಐಎಂ, ಆಣಂದದ ಇರ್ಮಾ, ಹೈದರಾಬಾದಿನ ಮ್ಯಾನೇಜ್ ಇವೂ ಇದೇ ಹಾದಿಯ ಸಂಸ್ಥೆಗಳು. ಸಂಶೋಧನೆಯಲ್ಲಿ ಆಸಕ್ತಿಯಿದ್ದವರಿಗೆ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯಿದೆ. ಬ್ಯಾಂಕುಗಳ ಕೃಷಿ ಅಧಿಕಾರಿಗಳಾಗಿ, ನಬಾರ್ಡಿನಲ್ಲಿ, ಬೀಜದ ಕಂಪನಿಗಳಲ್ಲಿ, ರೈತ ಉತ್ಪಾದಕ ಸಂಸ್ಥೆಗಳ ವ್ಯವಸ್ಥಾಪಕರಾಗಿ ಕೆಲಸ ಮಾಡುವವರು ಬಹಳ. ಇವುಗಳಲ್ಲಿ ಕಡೆಯದಕ್ಕೆ ಸಂಬಳ ಕಡಮೆ, ಓಡಾಟ ಹೆಚ್ಚು. ಆದರೆ ಕಲಿತ ಲೆಕ್ಕವನ್ನು ಬೆಳೆದವನ ಪರವಾಗಿ ನೇರವಾಗಿ ಬಳಸುವ ಅವಕಾಶ ಅಲ್ಲಿರುವಷ್ಟು ಬೇರೆಲ್ಲಿಯೂ ಇಲ್ಲವೆಂದು ಈ ವಿದ್ಯೆಯತ್ತ ಒಲಿದ ತರುಣರಿಗೆ ನಾನು ಹೇಳುತ್ತ ಬಂದಿದ್ದೇನೆ. ಗಣಿತವೆಂದರೆ ಹೆದರುವವರು ಮಾತ್ರ ಸೇರುವ ಮುನ್ನ ಯೋಚಿಸತಕ್ಕದ್ದು. ಸಂಖ್ಯಾಶಾಸ್ತ್ರವಿಲ್ಲದೆ ಸ್ನಾತಕೋತ್ತರ ತರಗತಿಯ ಯಾವ ಪತ್ರಿಕೆಯೂ ಮುಂದೆ ಸಾಗುವುದಿಲ್ಲ. ಕಣ್ಣಾರೆ ನೋಡಬಯಸುವವರು ಪ್ರತಿವರ್ಷ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ನಡೆಯುವ ಕೃಷಿ ಮೇಳಕ್ಕೆ ಹೋಗಿ, ತಳಿಗಳ ತಾಕುಗಳನ್ನು ನೋಡಿದ ಬಳಿಕ, ಅಲ್ಲಿಯ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಮಾತನಾಡಿಸಿಕೊಂಡು ಬರಬಹುದು.