ಡಿಸ್ಕ್ ಕಂಟ್ರೋಲರ್: ‘ಬರೆದಾಯಿತು’ ಎಂಬ ಮಾತಿನ ಬೆಲೆ

2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬಯಿ ಮಹಾನಗರದ ವಿದ್ಯುತ್ ಪೂರೈಕೆ ಹಠಾತ್ತನೆ ಕಡಿದುಹೋಗಿ, ಲೋಕಲ್ ರೈಲುಗಳೂ ಹಳಿಗಳ ಮೇಲೆ ನಿಂತುಬಿಟ್ಟವು. ವಿಲೆ ಪಾರ್ಲೆಯಂಥ ಉಪನಗರದ ಕಚೇರಿಯೊಂದರಲ್ಲಿ, ಅಂತಹ ಕ್ಷಣದಲ್ಲಿ ಗಣಕಯಂತ್ರವು ಆಗತಾನೆ ಒಪ್ಪಿಕೊಂಡ ಜಮೆಯ ನಮೂದು ಉಳಿಯುವುದೋ ಅಳಿಯುವುದೋ ಎಂಬುದು, ಡಿಸ್ಕ್ ಕಂಟ್ರೋಲರ್ ಕಾರ್ಡನ್ನು ಅಣಿಗೊಳಿಸಿದ ಕ್ರಮವನ್ನು ಬಹುಮಟ್ಟಿಗೆ ಅವಲಂಬಿಸಿದೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್, ಅದರ ಮಾದರಿಯಲ್ಲಿ 1991ರಲ್ಲಿ ಬಂದ ಲಿನಕ್ಸ್, ಇವುಗಳಲ್ಲಿ ಪ್ರತಿಯೊಂದು ಡಿಸ್ಕೂ ಒಂದು ಕಡತದ ರೂಪದಲ್ಲಿ ತೋರುತ್ತದೆ. ಡಿಸ್ಕಿಗೂ ವ್ಯವಸ್ಥೆಯ ತಿರುಳಾದ ಕರ್ನಲ್‌ಗೂ ನಡುವೆ ನಿಲ್ಲುವುದೇ ಕಂಟ್ರೋಲರ್. ಇದನ್ನು ಅಣಿಗೊಳಿಸುವಾಗ ಗಮನಿಸಬೇಕಾದ ಸಂಗತಿಗಳು ಮೂರು.

ಮೊದಲನೆಯದು ಡ್ರೈವರ್. ಕರ್ನಲ್ ಆ ಕಾರ್ಡಿನ ಭಾಷೆಯನ್ನು ಅರಿತಿರಬೇಕು. ವ್ಯವಸ್ಥೆಯ ಮೂಲ ಡಿಸ್ಕೇ ಕಾರ್ಡಿಗೆ ಜೋಡಿಸಲ್ಪಟ್ಟಿದ್ದರೆ, ಆರಂಭದಲ್ಲಿಯೇ ಸ್ಮೃತಿಗೆ ಬರುವ ಕಿರುವ್ಯವಸ್ಥೆಯೊಳಗೆ ಡ್ರೈವರ್ ಸೇರಿರಬೇಕು; ಇಲ್ಲವಾದರೆ ಯಂತ್ರ ಏಳುವುದೇ ಇಲ್ಲ.

ಎರಡನೆಯದು ಹೆಸರು. ಡಿಸ್ಕುಗಳಿಗೆ ಲಿನಕ್ಸ್ ಕೊಡುವ ‘ಎಸ್‌ಡಿಎ’, ‘ಎಸ್‌ಡಿಬಿ’ ಎಂಬ ಹೆಸರುಗಳು ಅವು ಕಂಡ ಕ್ರಮವನ್ನು ಅನುಸರಿಸುವುದರಿಂದ, ಹೊಸ ಕಾರ್ಡು ಬಂದಾಗ ಅದಲುಬದಲಾಗಬಹುದು. ಆದುದರಿಂದ ಸ್ಥಾಯಿ ಪಟ್ಟಿಯಲ್ಲಿ ಸ್ಥಿರವಾದ ಗುರುತು ಸಂಖ್ಯೆಯನ್ನೇ ಬರೆಯುವುದು ಯುಕ್ತ. ಖಾತೆದಾರನನ್ನು ಗುರುತಿಸುವುದು ಖಾತೆಯ ಸಂಖ್ಯೆಯಿಂದಲ್ಲದೆ, ಸಾಲಿನಲ್ಲಿ ಅವನು ನಿಂತ ಸ್ಥಾನದಿಂದ ಅಲ್ಲವಷ್ಟೆ.

ಮೂರನೆಯದು ಕ್ಯಾಶ್. ಇದೇ ಮುಖ್ಯವಾದುದು. ಅನೇಕ ಕಾರ್ಡುಗಳಿಗೆ ಸ್ವಂತ ಸ್ಮೃತಿಯುಂಟು. ‘ರೈಟ್ ಬ್ಯಾಕ್’ ಕ್ರಮದಲ್ಲಿ ದತ್ತಾಂಶವು ಆ ಸ್ಮೃತಿಯನ್ನು ಮುಟ್ಟಿದೊಡನೆ ಕಾರ್ಡು ‘ಬರೆದಾಯಿತು’ ಎನ್ನುತ್ತದೆ. ‘ರೈಟ್ ಥ್ರೂ’ ಕ್ರಮದಲ್ಲಿ ಡಿಸ್ಕನ್ನು ಮುಟ್ಟಿದ ಮೇಲೆಯೇ ಎನ್ನುತ್ತದೆ. ಮೊದಲನೆಯದು ಶೀಘ್ರ, ಆದರೆ ಸ್ಮೃತಿಯನ್ನು ಕಾಯಲು ಬ್ಯಾಟರಿಯಾಗಲಿ ಅಂತಹ ಬೇರೆ ಏರ್ಪಾಡಾಗಲಿ ಇಲ್ಲದಿದ್ದರೆ, ವಿದ್ಯುತ್ತು ಹೋದೊಡನೆ ಬರೆಹವೂ ಹೋಗುತ್ತದೆ. ಹಣ ಪಡೆದು ರಸೀದಿ ಕೊಟ್ಟ ಗುಮಾಸ್ತನು, ಲೆಡ್ಜರಿನಲ್ಲಿ ಬರೆಯದೆ ಚೀಟಿಯನ್ನು ಮೇಜಿನ ಮೇಲಿಟ್ಟು, ಅದು ಗಾಳಿಗೆ ಹಾರಿಹೋದಂತೆಯೇ ಇದು. ಡಿಸ್ಕಿನೊಳಗೂ ಇಂತಹುದೇ ಕಿರುಸ್ಮೃತಿ ಇರುವುದರಿಂದ ಅದನ್ನೂ ಪರೀಕ್ಷಿಸಬೇಕು. ಕಟ್ಟಡದ ಯುಪಿಎಸ್ ನೆರವಾದೀತು. ಆದರೆ ಯಂತ್ರದ ಒಳಗಿನ ಪವರ್ ಸಪ್ಲೈಯೇ ಕೆಟ್ಟರೆ ಅದು ನಿರುಪಾಯ.

ಬ್ಯಾಟರಿ ಮುಪ್ಪಾಗುವ ವಸ್ತು. ಅದರ ಸ್ಥಿತಿಯನ್ನು ಕಾಲಕಾಲಕ್ಕೆ ನೋಡುತ್ತಿದ್ದು, ಅದು ಕ್ಷೀಣಿಸಿದೊಡನೆ ಕಾರ್ಡು ತಾನಾಗಿ ‘ರೈಟ್ ಥ್ರೂ’ ಕ್ರಮಕ್ಕೆ ಮರಳುವಂತೆ ನಿಗದಿಪಡಿಸಬೇಕು. ಆಗ ವೇಗ ಕುಗ್ಗುವುದು ನಿಜ. ಆದರೆ ಸುಳ್ಳು ರಸೀದಿಗಿಂತ ತಡವಾದ ರಸೀದಿ ಲೇಸು.