ಡಿಸ್ಕಿಲ್ಲದ ಗಣಕಯಂತ್ರಗಳ ಆರಂಭವಿಧಿ

ಗಣಕಯಂತ್ರವು ತನ್ನೊಳಗಣ ಡಿಸ್ಕಿನಿಂದ ಕಾರ್ಯವ್ಯವಸ್ಥೆಯನ್ನು ಓದಿಕೊಂಡು ಎಚ್ಚರಗೊಳ್ಳುವುದು ಸಾಮಾನ್ಯಕ್ರಮವು. ಡಿಸ್ಕಿಲ್ಲದ ಥಿನ್ ಕ್ಲೈಂಟ್ ಎಂಬ ಬಡಯಂತ್ರವಾದರೋ ಸಮಸ್ತವನ್ನೂ ಜಾಲದ ಮೂಲಕ ಸರ್ವರಿನಿಂದ ಬೇಡಿ ಪಡೆಯತಕ್ಕದ್ದು. ಆಲೂರು, ಸಕಲೇಶಪುರಗಳಂತಹ ಮಲೆಯ ಸೀಮೆಯಲ್ಲಿ, ಮಳೆಗಾಲದಲ್ಲಿ ಮರವುರುಳಿ ತಂತಿ ಕಡಿದು ವಿದ್ಯುತ್ತು ಹೇಳದೆ ಕೇಳದೆ ಹೋಗುವೆಡೆ, ಈ ಬಡತನವೇ ಗುಣವಾಗಿ ಪರಿಣಮಿಸುತ್ತದೆ. ಹತ್ತು ಡಿಸ್ಕುಗಳು ಕೆಡುವ ಭಯವಿಲ್ಲ. ಸರ್ವರೊಂದಕ್ಕೆ ಬ್ಯಾಟರಿಯ ಆಸರೆಯಿದ್ದರೆ ಉಳಿಸಿಟ್ಟ ಕಡತಗಳು ಸುರಕ್ಷಿತವು. ಕನ್ನಡದ ಅಕ್ಷರರೂಪಗಳನ್ನೂ ಕಗಪ ಕೀಲಿಮಣೆಯ ವಿನ್ಯಾಸವನ್ನೂ ಸರ್ವರಿನಲ್ಲಿ ಒಮ್ಮೆ ಅಳವಡಿಸಿದರೆ ಶಾಲೆಯ ಎಲ್ಲ ಮೇಜುಗಳಿಗೂ ಅವು ದೊರೆಯುವುದು ಮತ್ತೊಂದು ಲಾಭವು.

ಈ ವಿಧಿಯು ಹೊಸದಲ್ಲ. 1985ರ ಬೂಟ್‌ಪಿ ಎಂಬ ನಿಯಮಾವಳಿಯಿಂದ ಡಿಎಚ್‌ಸಿಪಿ ಬೆಳೆಯಿತು. ಇದರ ಮೇಲೆ ಇಂಟೆಲ್ ಸಂಸ್ಥೆಯು 1999ರಲ್ಲಿ ಪಿಎಕ್ಸ್‌ಇಯ 2.1ನೆಯ ಆವೃತ್ತಿಯನ್ನು ಪ್ರಕಟಿಸಿತು. ಅದೇ ವರ್ಷ ಲಿನಕ್ಸ್ ಟರ್ಮಿನಲ್ ಸರ್ವರ್ ಯೋಜನೆಯೂ ಹುಟ್ಟಿತು.

ಕ್ರಮವಿದು. ಗುಂಡಿಯೊತ್ತಿದೊಡನೆ ಯಂತ್ರವು, ತನಗೆ ವಿಳಾಸವೇ ಇಲ್ಲದ ಕಾರಣ, ಜಾಲದಲ್ಲಿರುವವರೆಲ್ಲರಿಗೂ ಕೇಳುವಂತೆ ಕೂಗುತ್ತದೆ. ಉತ್ತರವಾಗಿ ಒಂದು ವಿಳಾಸವೂ, ಅದರೊಡನೆ ಕೆಲವು ಐಚ್ಛಿಕಾಂಶಗಳೂ ಬರುತ್ತವೆ. 66ನೆಯ ಅಂಶವು ಸರ್ವರಿನ ಹೆಸರನ್ನೂ, 67ನೆಯದು ತರಬೇಕಾದ ಕಡತದ ಹೆಸರನ್ನೂ ತಿಳಿಸುತ್ತದೆ. ಯಂತ್ರವು ಆ ಕಡತವನ್ನು ಟಿಎಫ್‌ಟಿಪಿಯ ಮೂಲಕ ತರಿಸಿಕೊಳ್ಳುತ್ತದೆ. ಈ ವಾಹಕವು ಮೂಲರೂಪದಲ್ಲಿ 512 ಬೈಟುಗಳ ತುಂಡೊಂದನ್ನು ಕಳುಹಿ, ತಲುಪಿತೆಂಬ ಮಾತು ಬಂದ ಹೊರತು ಮುಂದಿನದನ್ನು ಕಳುಹದು. ನಿಧಾನಿ, ಆದರೆ ಪುಟ್ಟ ರಾಮಿನಲ್ಲಿ ಅಡಗುವಷ್ಟು ಸರಳ. ಬಂದ ಕಡತವು ಕರ್ನೆಲನ್ನು ಕರೆತರುತ್ತದೆ. ಕರ್ನೆಲು ಮಿಕ್ಕ ಕಡತಸಮೂಹವನ್ನು ಎನ್‌ಎಫ್‌ಎಸ್ ಮೊದಲಾದವುಗಳಿಂದ ದೂರದಲ್ಲಿಯೇ ಓದುತ್ತದೆ.

ತೊಡಕಿರುವುದು 67ನೆಯ ಅಂಶದಲ್ಲಿ. ಹಳೆಯ ಬಯೋಸ್ ಯಂತ್ರಕ್ಕೆ ಒಪ್ಪುವ ಕಡತವು ಹೊಸ ಯುಇಎಫ್‌ಐ ಯಂತ್ರಕ್ಕೆ ಒಪ್ಪದು. ದಾನವಾಗಿ ಬಂದ ಹಳೆಯವೂ ಕೊಂಡ ಹೊಸವೂ ಒಂದೇ ಕೋಣೆಯಲ್ಲಿ ಕೂಡಿದಾಗ, ಒಂದೇ ಹೆಸರನ್ನು ಬರೆದಿಟ್ಟರೆ ಅರ್ಧಕೋಣೆ ಮೂಕವಾಗುವುದು. ಯಂತ್ರವು ತನ್ನ ಜಾತಿಯನ್ನು 93ನೆಯ ಅಂಶದಲ್ಲಿ ತಾನೇ ಹೇಳಿಕೊಳ್ಳುತ್ತದೆ: 0 ಎಂದರೆ ಬಯೋಸ್, 7 ಎಂದರೆ 64 ಬಿಟ್ಟಿನ ಯುಇಎಫ್‌ಐ. ಸರ್ವರು ಇದನ್ನು ನೋಡಿ ಕಡತವನ್ನು ಆರಿಸುವಂತೆ ನಿಯಮ ಬರೆಯುವುದೇ ಸರಿಯಾದ ದಾರಿ.

ಇಂಟರ್‌ನೆಟ್ಟಿನೊಡನೆ ಬಂದ ರೂಟರೇ ವಿಳಾಸಗಳನ್ನು ಹಂಚುತ್ತಿದ್ದು, ಈ ಅಂಶಗಳನ್ನು ಸೇರಿಸಲು ಅದರಲ್ಲಿ ಎಡೆಯಿಲ್ಲದಿರುವುದೂ ಉಂಟು. ಆಗ ಎರಡನೆಯ ಡಿಎಚ್‌ಸಿಪಿಯನ್ನು ಹೂಡಿದರೆ ಇಬ್ಬರೂ ವಿಳಾಸ ಹಂಚಿ ಕಲಹವಾಗುವುದು. ಡಿಎನ್‌ಎಸ್‌ಮ್ಯಾಸ್ಕ್ ಎಂಬ ತಂತ್ರಾಂಶವನ್ನು ಪ್ರಾಕ್ಸಿಯಾಗಿ ನಡೆಸಿದರೆ, ಅದು ವಿಳಾಸದ ಗೊಡವೆಗೆ ಹೋಗದೆ ಕಡತದ ಮಾತನ್ನಷ್ಟೇ ಹೇಳುತ್ತದೆ. ಸಣ್ಣ ಶಾಲೆಗಳಿಗೆ ಇದೇ ಉಚಿತವೆಂದು ನಮ್ಮ ಅಭಿಪ್ರಾಯ.

ಒಂದು ಅಪಾಯವನ್ನು ಮರೆಯಲಾಗದು. ಯಂತ್ರದ ಕೂಗಿಗೆ ಓಗೊಟ್ಟವನು ಯಾರೆಂದು ಪರೀಕ್ಷಿಸುವ ವ್ಯವಸ್ಥೆ ಈ ವಿಧಿಯಲ್ಲಿಲ್ಲ. ಕಿಡಿಗೇಡಿಯ ಯಂತ್ರವೂ ಸರ್ವರೆನಿಸಿಕೊಳ್ಳಬಹುದು. ಸೆಕ್ಯೂರ್ ಬೂಟ್ ಆರಂಭಕಡತದ ಸಹಿಯನ್ನು ನೋಡುತ್ತದೆಯೇ ಹೊರತು ಅದು ಓದುವ ಸಂಯೋಜನೆಯನ್ನಲ್ಲ. ಆದುದರಿಂದ ಈ ಯಂತ್ರಗಳ ಜಾಲವನ್ನು ಅತಿಥಿಗಳ ವೈಫೈಯಿಂದ ಬೇರ್ಪಡಿಸತಕ್ಕದ್ದು.

ಹೋದ ವಿದ್ಯುತ್ತು ಮರಳಿದಾಗ ಬಡಯಂತ್ರಗಳು ಸರ್ವರಿಗಿಂತ ಮೊದಲೇ ಎದ್ದು, ಕೂಗಿ, ಉತ್ತರ ಕಾಣದೆ ಸುಮ್ಮನಾಗುವುವು. ಸ್ವಿಚ್ಚನ್ನೂ ಸರ್ವರನ್ನೂ ಮೊದಲು ಎಬ್ಬಿಸಿ, ಸರ್ವರು ಸಿದ್ಧವಾದ ಬಳಿಕವೇ ಮೇಜುಗಳಿಗೆ ವಿದ್ಯುತ್ತು ಬಿಡುವಂತೆ ಪ್ರತ್ಯೇಕ ಗುಂಡಿಯನ್ನು ಇರಿಸುವುದು ಒಳಿತು.