ಹುಟ್ಟಿದ ಮೊದಲ 28 ದಿನ: ಗಡ್ಚಿರೋಲಿಯ ಹಳ್ಳಿಗಳಿಂದ ಒಂದು ಪಾಠ



ನಮ್ಮ ಕೂಟದಲ್ಲಿ ಯಾರ ಮನೆಗಾದರೂ ಪುಟ್ಟ ಪಾಪು ಬಂದರೆ ಎಲ್ಲರಿಗೂ ಸಂಭ್ರಮ. ಊರಿನಿಂದ ಅಮ್ಮನೋ ಅತ್ತೆಯೋ ಬಾಣಂತನಕ್ಕೆ ಬಂದಿರುತ್ತಾರೆ. ನಾವೂ ಸಾರಿನ ಡಬ್ಬಿ ಹಿಡಿದುಕೊಂಡು ನೋಡಲು ಹೋಗುತ್ತೇವೆ. ಮಗು ಒಂದು ತಿಂಗಳು ಮುಂಚೆ ಹುಟ್ಟಿದರೂ ಇಲ್ಲಿ ಅಷ್ಟು ಗಾಬರಿಯಿಲ್ಲ. ಆಸ್ಪತ್ರೆಯವರು ಕೆಲವು ದಿನ ಇಟ್ಟುಕೊಂಡು, ಚೆನ್ನಾಗಿ ನೋಡಿಕೊಂಡು ಮನೆಗೆ ಕಳಿಸುತ್ತಾರೆ ಎಂಬ ಧೈರ್ಯ ಇರುತ್ತದೆ.

ಅದೇ ಮಗು ರಸ್ತೆಯಿಲ್ಲದ, ವೈದ್ಯರಿಲ್ಲದ ಒಂದು ಹಳ್ಳಿಯಲ್ಲಿ ಹುಟ್ಟಿದ್ದರೆ? ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 23 ಲಕ್ಷ ಶಿಶುಗಳು ಹುಟ್ಟಿ 28 ದಿನ ತುಂಬುವ ಮೊದಲೇ ತೀರಿಕೊಂಡವು. ಅಂದರೆ ದಿನಕ್ಕೆ ಆರು ಸಾವಿರಕ್ಕೂ ಹೆಚ್ಚು. ಐದು ವರ್ಷದೊಳಗಿನ ಮಕ್ಕಳ ಸಾವುಗಳಲ್ಲಿ ಇದು ಹತ್ತಿರ ಹತ್ತಿರ ಅರ್ಧದಷ್ಟು!

ಊರಿಗೆ ಏನಾದರೂ ಮಾಡೋಣ ಎಂದು ನಾವು ಕೂತಾಗ, ನಮ್ಮಂಥ ಎಂಜಿನಿಯರುಗಳ ಬಾಯಲ್ಲಿ ಮೊದಲು ಬರುವ ಮಾತು "ಆಸ್ಪತ್ರೆಗೆ ಒಂದು ಒಳ್ಳೆ ಮೆಷಿನ್ ಕೊಡಿಸೋಣ" ಎನ್ನುವುದು. ನಾನೂ ಹಾಗೆ ಹೇಳಿದವನೇ. ಆದರೆ ಮಹಾರಾಷ್ಟ್ರದ ಗಡ್ಚಿರೋಲಿಯ ಕತೆ ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ಈ ಲೇಖನ.

ಶಿಶುಗಳು ಸಾಯುವುದೇಕೆ?

ಮುಖ್ಯ ಕಾರಣಗಳು ಮೂರು. ಒಂದು, ಹುಟ್ಟಿದ ಕೂಡಲೇ ಉಸಿರಾಡದಿರುವುದು. ಎರಡು, ದಿನ ತುಂಬದೆ ಅಥವಾ ತೀರಾ ಕಡಿಮೆ ತೂಕದಲ್ಲಿ ಹುಟ್ಟುವುದು. ಮೂರು, ಸೋಂಕು, ಅಂದರೆ ರಕ್ತಕ್ಕೆ ನಂಜು ಏರುವುದು ಮತ್ತು ನ್ಯುಮೋನಿಯಾ. ಉಸಿರಾಡದ ಮಗುವಿಗೆ ಸಮಯ ಇರುವುದು ಕೆಲವೇ ನಿಮಿಷ. ಪೇಟೆಯ ಆಸ್ಪತ್ರೆಯಲ್ಲಿ ಎಂಥ ಮೆಷಿನ್ ಇದ್ದರೂ ಅಷ್ಟರಲ್ಲಿ ಅಲ್ಲಿಗೆ ತಲುಪಲು ಸಾಧ್ಯವೇ? ಸಣ್ಣ ಮಗುವಿಗೆ ಮೈಯಲ್ಲಿ ಕೊಬ್ಬಿಲ್ಲ, ಹಾಗಾಗಿ ಮೈ ಬೇಗ ತಣ್ಣಗಾಗುತ್ತದೆ. ತಣ್ಣಗಾದ ಮಗು ಹಾಲು ಕುಡಿಯುವುದಿಲ್ಲ. ಹಾಲು ಕುಡಿಯದ ಮಗುವಿಗೆ ಶಕ್ತಿ ಇಲ್ಲ, ಸೋಂಕು ಸುಲಭವಾಗಿ ಹಿಡಿಯುತ್ತದೆ. ಹೀಗೆ ಒಂದರ ಹಿಂದೆ ಒಂದು.

ಗಡ್ಚಿರೋಲಿಯಲ್ಲಿ ನಡೆದದ್ದು

ಗಡ್ಚಿರೋಲಿ ಮಹಾರಾಷ್ಟ್ರದ ಪೂರ್ವ ತುದಿಯ ಕಾಡಿನ ಜಿಲ್ಲೆ. ಗೊಂಡರು ಮುಂತಾದ ಆದಿವಾಸಿಗಳೂ ಬಡ ರೈತರೂ ಇರುವ ಪ್ರದೇಶ. ಡಾ. ಅಭಯ್ ಬಂಗ್ ಮತ್ತು ಅವರ ಪತ್ನಿ ಡಾ. ರಾಣಿ ಬಂಗ್ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿ ಇಲ್ಲಿಗೇ ಹಿಂತಿರುಗಿ 1986ರಲ್ಲಿ 'ಸರ್ಚ್' ಎಂಬ ಸಂಸ್ಥೆ ಕಟ್ಟಿದರು. ಆಗ ಹೆರಿಗೆ ಹೆಚ್ಚಾಗಿ ಮನೆಯಲ್ಲೇ ಆಗುತ್ತಿತ್ತು. 1993ರಿಂದ 1995ರ ಲೆಕ್ಕದ ಪ್ರಕಾರ, ಅವರು ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ಹುಟ್ಟಿದ ಪ್ರತಿ 1,000 ಶಿಶುಗಳಲ್ಲಿ 62 ಮೊದಲ ತಿಂಗಳಲ್ಲೇ ಸಾಯುತ್ತಿದ್ದವು.

ಮಗು ಆಸ್ಪತ್ರೆಗೆ ಹೋಗಲಾರದಿದ್ದರೆ ಆಸ್ಪತ್ರೆಯ ಆರೈಕೆಯೇ ಮಗುವಿನ ಬಳಿಗೆ ಹೋಗಲಿ, ಇದು ಅವರ ಯೋಚನೆ. 39 ಹಳ್ಳಿಗಳಲ್ಲಿ ಐದರಿಂದ ಹತ್ತು ವರ್ಷ ಶಾಲೆ ಕಲಿತ ಹೆಣ್ಣುಮಕ್ಕಳನ್ನು ಆರಿಸಿ ತರಬೇತಿ ಕೊಟ್ಟರು. ಅವರಿಗೆ 'ಆರೋಗ್ಯದೂತ' ಎಂದು ಹೆಸರು. ಅದೇ ಊರಿನವರು, ಅದೇ ಭಾಷೆಯವರು. ಮಧ್ಯರಾತ್ರಿ ಬಂದು ಬಾಗಿಲು ತಟ್ಟಿದರೂ ಎದ್ದು ಹೋಗಬಲ್ಲಷ್ಟು ಹತ್ತಿರದವರು.

ಊರಿನ ಸೂಲಗಿತ್ತಿ ತಾಯಿಯನ್ನು ನೋಡಿಕೊಂಡರೆ, ಆರೋಗ್ಯದೂತಳ ಕಣ್ಣು ಮಗುವಿನ ಮೇಲೆ. ಮಗು ಅಳದಿದ್ದರೆ ಕೈಚೀಲ ಮತ್ತು ಮುಖವಾಡದ ಸಣ್ಣ ಸಾಧನದಿಂದ ಉಸಿರು ಕೊಡುವುದು, ತೂಕ ನೋಡುವುದು, ಬೆಚ್ಚಗೆ ಸುತ್ತಿಡುವುದು, ಬೇಗ ತಾಯಿಹಾಲು ಕುಡಿಸುವುದು ಅವಳ ಕೆಲಸ. ಆಮೇಲೆ ತಿಂಗಳಿಡೀ ಮತ್ತೆ ಮತ್ತೆ ಮನೆಗೆ ಬಂದು ನೋಡಬೇಕು. ನಂಜಿನ ಲಕ್ಷಣ ಕಂಡರೆ ಆಸ್ಪತ್ರೆಗೆ ಹೋಗಿ ಎಂದು ಹೇಳಬೇಕು. ಮನೆಯವರು ಒಪ್ಪದಿದ್ದರೆ ಅವರ ಅನುಮತಿ ಪಡೆದು ಜೆಂಟಾಮೈಸಿನ್ ಇಂಜೆಕ್ಷನ್ನನ್ನೂ ಅವಳೇ ಕೊಡಬೇಕು.

ಎಂಜಿನಿಯರ್ ಆದ ನನಗೆ ಬಹಳ ಹಿಡಿಸಿದ್ದು ಈ ದಂಪತಿ ಅದಕ್ಕೂ ಮೊದಲು ಮಾಡಿದ ಒಂದು ಉಪಕರಣ. ನ್ಯುಮೋನಿಯಾ ಇದೆಯೇ ಎಂದು ತಿಳಿಯಲು ಮಗುವಿನ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಮಗು ನಿಮಿಷಕ್ಕೆ 60 ಸಲ ಅಥವಾ ಹೆಚ್ಚು ಉಸಿರಾಡಿದರೆ ಅಪಾಯ. ಆದರೆ ಓದು ಬಾರದ ಸೂಲಗಿತ್ತಿಯರು ಅಷ್ಟು ಎಣಿಸುವುದು ಹೇಗೆ? ಒಂದು ನಿಮಿಷದ ಮರಳು ಗಡಿಯಾರ, ಪಕ್ಕದಲ್ಲಿ ಮಣಿಗಳ ಸಾಲು. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು. ಮರಳು ಮುಗಿಯುವ ಮೊದಲು ಕೆಂಪು ಮಣಿ ಸರಿಯಿತೆಂದರೆ ಕಾಯಿಲೆ! ಬ್ಯಾಟರಿ ಬೇಡ, ಕರೆಂಟ್ ಬೇಡ, ಹತ್ತರವರೆಗೆ ಎಣಿಕೆ ಬಂದರೆ ಸಾಕು.

ಫಲಿತಾಂಶ

ಈ ಆರೈಕೆ ಇಲ್ಲದ 47 ಹಳ್ಳಿಗಳ ಜೊತೆ ಹೋಲಿಸಿ ನೋಡಿದರು. ಮೂರನೇ ವರ್ಷದ ಹೊತ್ತಿಗೆ ಆರೋಗ್ಯದೂತರಿದ್ದ ಹಳ್ಳಿಗಳಲ್ಲಿ ಶಿಶು ಸಾವು 1,000ಕ್ಕೆ 25.5ಕ್ಕೆ ಇಳಿದಿತ್ತು. ಉಳಿದ ಹಳ್ಳಿಗಳಲ್ಲಿ ಅದು 59.6ರಲ್ಲೇ ನಿಂತಿತ್ತು. ಲೆಕ್ಕ ಹಾಕಿದರೆ ಶೇಕಡಾ 62ರಷ್ಟು ಇಳಿಕೆ. ಖರ್ಚು ಒಂದು ಮಗುವಿಗೆ 5.3 ಡಾಲರ್ ಮಾತ್ರ. 1999ರ ಡಿಸೆಂಬರಿನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಇಂಥದ್ದೇ ಇನ್ನೊಂದು ಪ್ರಯತ್ನ ಉತ್ತರ ಪ್ರದೇಶದ ಶಿವಗಢದಲ್ಲಿ ನಡೆಯಿತು. ಅಲ್ಲಿ ಇಂಜೆಕ್ಷನ್ ಕೂಡ ಇರಲಿಲ್ಲ. ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇಟ್ಟುಕೊಳ್ಳುವುದು, ಹುಟ್ಟಿದ ಕೂಡಲೇ ಸ್ನಾನ ಮಾಡಿಸದಿರುವುದು, ತಡಮಾಡದೆ ಮೊದಲ ಹಾಲು ಕುಡಿಸುವುದು, ಸ್ವಚ್ಛತೆ, ಇವನ್ನೇ ಮನೆಮನೆಗೆ ಹೋಗಿ ಅತ್ತೆಯಂದಿರಿಗೂ ಗಂಡಂದಿರಿಗೂ ತಿಳಿಸಿ ಹೇಳಿದರು. ಅಲ್ಲಿಯೂ ಶಿಶು ಸಾವು ಅರ್ಧಕ್ಕಿಂತ ಹೆಚ್ಚು ಇಳಿಯಿತೆಂದು 2008ರಲ್ಲಿ ವರದಿಯಾಯಿತು.

ನಮ್ಮ ನಾಡಿಗೂ ಬಂತು

2011ರಲ್ಲಿ ಭಾರತ ಸರ್ಕಾರ ಮನೆಯಲ್ಲೇ ನವಜಾತ ಶಿಶುವಿನ ಆರೈಕೆಯನ್ನು ದೇಶದ ಆಶಾ ಕಾರ್ಯಕರ್ತೆಯರಿಗೆ ವಹಿಸಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಬಂದು ಮಗುವನ್ನು ನೋಡಬೇಕು. "ಈಗ ಎಲ್ಲರೂ ಆಸ್ಪತ್ರೆಗೇ ಹೋಗುತ್ತಾರಲ್ಲ, ಇದೆಲ್ಲ ಯಾಕೆ?" ಎಂದು ನೀವು ಕೇಳಬಹುದು. ನಿಜ, 2019-21ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ 100ಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ. ಆದರೆ ಎರಡು ಮೂರು ದಿನದಲ್ಲಿ ಬಾಣಂತಿ ಮನೆಗೆ ಬರುತ್ತಾಳೆ. ಉಳಿದ 25 ದಿನ ಮಗು ಇರುವುದು ಮನೆಯಲ್ಲೇ ಅಲ್ಲವೇ?

ಹಳ್ಳಿಯ ಹೆಣ್ಣುಮಕ್ಕಳ ಕೈಯ ಜಾಣತನ ನಮಗೆ ಹೊಸದಲ್ಲ. ಬಂಗ್ ದಂಪತಿಗೆ ಪದ್ಮಶ್ರೀ ಬಂದ 2018ರಲ್ಲೇ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೂ ಪದ್ಮಶ್ರೀ ಬಂತು. ದುಡ್ಡು ತೆಗೆದುಕೊಳ್ಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆ ತಾಯಿ ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು.

ನಾವೇನು ಮಾಡಬಹುದು?

ಊರಿನಲ್ಲಿ ಬಾಣಂತಿ ಇರುವ ಮನೆಗೆ ಫೋನ್ ಮಾಡಿದಾಗ ಮಗು ಯಾರ ಹಾಗಿದೆ ಎಂದು ಕೇಳುವುದರ ಜೊತೆಗೆ ಇವನ್ನೂ ಕೇಳಿ. ಹಾಲು ಚೆನ್ನಾಗಿ ಚೀಪುತ್ತಿದೆಯೇ? ಅಳುವಿನ ದನಿ ಕುಗ್ಗಿದೆಯೇ? ಮಂಕಾಗಿ ಮಲಗಿರುತ್ತದೆಯೇ? ಮೈ ತಣ್ಣಗಿದೆಯೇ, ಅಥವಾ ಸುಡುತ್ತಿದೆಯೇ? ಹೊಟ್ಟೆ ಉಬ್ಬಿ ವಾಂತಿ ಆಗುತ್ತಿದೆಯೇ? ಉಸಿರೆಳೆದಾಗ ಎದೆಗೂಡು ಒಳಗೆ ಹೋಗುತ್ತಿದೆಯೇ? ಹೊಕ್ಕುಳಲ್ಲಿ ಕೀವು ಇದೆಯೇ? ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಎನ್ನದೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿ. ಜೇನುತುಪ್ಪ, ಸಕ್ಕರೆ ನೀರು ಬೇಡ, ತಾಯಿಹಾಲೊಂದೇ ಸಾಕು ಎಂದು ಅಜ್ಜಿಯರಿಗೆ ಪ್ರೀತಿಯಿಂದಲೇ ಹೇಳಬಹುದು.

ಇನ್ನು ಊರಿಗೆ ನೆರವು ಕಳಿಸುವಾಗ "ಯಾವ ಮೆಷಿನ್ ಬೇಕು?" ಎಂದು ಕೇಳುವ ಮೊದಲು "ಅದನ್ನು ನಡೆಸುವವರು ಯಾರು? ಹಳ್ಳಿಯ ಮನೆಗೆ ಹೋಗಿ ಮಗುವನ್ನು ನೋಡುವವರು ಯಾರು? ಅವರಿಗೆ ತೂಕದ ಯಂತ್ರ, ಥರ್ಮಾಮೀಟರ್, ತರಬೇತಿ ಇದೆಯೇ?" ಎಂದು ಕೇಳೋಣ. ದೊಡ್ಡ ಆಸ್ಪತ್ರೆಯೂ ಬೇಕು, ಮೆಷಿನ್ನೂ ಬೇಕು. ಆದರೆ ಮಗು ಅಲ್ಲಿಯವರೆಗೆ ಬದುಕಿರಬೇಕಾದರೆ ಮೊದಲು ಅದರ ಮನೆಯ ಬಾಗಿಲು ತಟ್ಟುವ ಒಬ್ಬ ತಿಳಿದ ಹೆಣ್ಣುಮಗಳು ಬೇಕು.